ಹೆಬ್ಬೆಟ್ಟು

ಡೆನ್ಜಿಲನ ಗ್ಯಾರೇಜಿನಲ್ಲಿ ಬಸ್ಸಿನ ಅಡಿ ಮಲಗಿ
ಸವೆದ ಬ್ರೇಕ್ ಲೈನರ್ ಕಳಚುವಾಗ ಒಂದು ವಾಸನೆ ಬರುತ್ತದೆ.
ಗ್ರೀಸಿನದಲ್ಲ, ಡೀಸೆಲಿನದಲ್ಲ,
ಸುಟ್ಟ ರಬ್ಬರಿನದೂ ಅಲ್ಲ.
ಹದಿನೆಂಟು ವರ್ಷ ಅದರ ಮಗ್ಗುಲಲ್ಲೇ ಮಲಗಿದವನು ನಾನು.
ಮೊದಲ ಸಲ ಮೂಗಿಗೆ ಬಡಿದಾಗ
ಸ್ಪ್ಯಾನರ್ ಕೆಳಗಿಟ್ಟು ಸುತ್ತ ನೋಡಿದ್ದೆ,
ಅಮ್ಮ ಬುತ್ತಿ ತಂದಳೇನೋ ಎಂದು.

ಅಮ್ಮ, ವಾರಿಜ,
ಕುಲಶೇಖರದ ಬೀಜದ ಕಾರ್ಖಾನೆಯಲ್ಲಿ
ಮಣೆ ಹಾಕಿ ಕೂತು ಗೇರುಬೀಜ ಒಡೆದವಳು.
ಕೈಗೆ ಬೂದಿ, ಬೂದಿಯ ಮೇಲೆ ಸೊನೆ,
ಸೊನೆಯ ಮೇಲೆ ಮತ್ತೆ ಬೂದಿ.
ತಿರುಳಿಗೆ ತಕ್ಕಡಿಯಿತ್ತು:
ಕಿಲೋಗೆ ಇಷ್ಟು, ಎಸಳಾದರೆ ಕಡಿತ, ನುಚ್ಚಾದರೆ ಬೈಗುಳ.
ಸಿಪ್ಪೆಗೆ ತಕ್ಕಡಿ ಇರಲಿಲ್ಲ.
ಹಿಂದಿನ ಗೋಡೆಯಾಚೆ ಗುಡ್ಡೆ ಬಿದ್ದು
ಮಳೆಗೆ ಕಪ್ಪು ನೀರು ಬಿಟ್ಟು
ತೋಡಿನ ಏಡಿಗಳನ್ನು ಓಡಿಸುತ್ತಿತ್ತು.

ಸಂಜೆ ಯಾರು ಬೇಕಾದರೂ ಗೋಣಿಯಲ್ಲಿ ತುಂಬಿಕೊಳ್ಳಬಹುದು.
ನಮ್ಮ ಬಚ್ಚಲೊಲೆ ಉರಿದದ್ದು ಅದರಲ್ಲೇ.
ಎರಡು ಹಿಡಿ ಹಾಕಿದರೆ ಭಗ್ಗೆಂದು ಹೊತ್ತಿಕೊಂಡು
ಹಂಡೆಯ ಹೊಟ್ಟೆಗೆ ತಾರು ಬಳಿಯುವ ಹೊಗೆ.
ಶಾಲೆಯಲ್ಲಿ ಬೆಂಚಿನ ಹುಡುಗ ಒಂದು ಗೇಣು ಆಚೆ ಸರಿದು ಕೂರುತ್ತಿದ್ದ.

ಆಮೇಲೊಂದು ಬೇಸಗೆ ಲಾರಿ ಬಂತು.
ಬೈಕಂಪಾಡಿಯಲ್ಲಿ ಸಿಪ್ಪೆಯ ಗಾಣ ಕೂತಿದೆಯಂತೆ,
ಎಣ್ಣೆ ಡ್ರಮ್ಮಿಗೆ, ಹಿಂಡಿ ಬಾಯ್ಲರಿಗೆ,
ಬಿಸಾಡಲು ಏನೂ ಉಳಿಯುವುದಿಲ್ಲವಂತೆ.
ಮೇಸ್ತ್ರಿ ಸಂಕಪ್ಪಣ್ಣ ತಂತಿಬೇಲಿ ಹಾಕಿಸಿದ, ಬೀಗ ಜಡಿದ.
"ಇನ್ನು ಇದು ಕಸ ಅಲ್ಲ ಮಾರಾಯ್ತಿ, ಮಾಲು."
ಅಮ್ಮ ಖಾಲಿ ಗೋಣಿಯನ್ನು ಸೀರೆಯಂತೆ ಮಡಚಿ
ಕಂಕುಳಲ್ಲಿಟ್ಟುಕೊಂಡು ಬಂದಳು.
ಆ ವಾರವೆಲ್ಲ ತಣ್ಣೀರು ಮಿಂದೆವು.
ಮುಂದಿನ ಮಳೆಗೆ ತೋಡಿಗೆ ಏಡಿ ಮರಳಿದವು,
ಅದನ್ನೂ ಹೇಳಬೇಕು.

ಕಳೆದ ಆಟಿಯಲ್ಲಿ, ಸೊಸೈಟಿಯ ಅಕ್ಕಿಯ ಸಾಲು.
ಯಂತ್ರದ ಮೇಲೆ ಅಮ್ಮ ಹೆಬ್ಬೆರಳಿಟ್ಟಳು. ಕೆಂಪು ದೀಪ.
ಎಡಗೈಯದು. ಕೆಂಪು.
ಊದಿ, ಒರೆಸಿ, ಸೆರಗಿಗೆ ಉಜ್ಜಿ,
ಹತ್ತು ಬೆರಳೂ ಮುಗಿದವು.
ಹುಡುಗನೆಂದ: "ಗೆರೆಯೇ ಇಲ್ಲ ಅಜ್ಜಿ,
ನೀವು ಯಾರೂಂತ ಇದಕ್ಕೆ ಗೊತ್ತಾಗುವುದಿಲ್ಲ."
"ಇದಕ್ಕೆ ಮಾತ್ರವಾ?" ಅಮ್ಮ ನಕ್ಕಳು.
ಸಾಲಿನ ಹಿಂದೆ ಐರಿನ್ ಬಾಯಿ
ಕೊಡೆಯನ್ನು ತೋಳಿಗೆ ಸಿಕ್ಕಿಸಿ
ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.
ಅವಳದೂ ಅದೇ ಸಾಲಿನ ಮಣೆ.

ಲೈನರಿನ ಹುಡಿಗೆ ಗೇರು ಸಿಪ್ಪೆಯ ಎಣ್ಣೆ ಸೇರುತ್ತದೆಂದು
ಡೆನ್ಜಿಲನೇ ಹೇಳಿದ್ದು, ಚಹಾ ಕುಡಿಯುತ್ತ, ಸುಮ್ಮನೆ.
"ಎಷ್ಟು ಕಾದರೂ ಹಿಡಿತ ಬಿಡುವುದಿಲ್ಲ ಅದು."
ಸವೆದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ.
ಅಮ್ಮ ಮೂಸಿದಳು. ಮತ್ತೊಮ್ಮೆ ಮೂಸಿದಳು.
"ಎಂಥ ಮಾಡುತ್ತದೆ ಇದು?"
"ಬಸ್ಸು ನಿಲ್ಲಿಸುತ್ತದೆ."
"ಹೊಸತಕ್ಕೆ ಎಷ್ಟು?"
ಹೇಳಿದೆ.
ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತ ಕೂತಳು.
ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ.

ಜ್ಯೋತಿಯಿಂದ ಹಂಪನಕಟ್ಟೆಗೆ ಇಳಿಯುವ ಸಿಟಿ ಬಸ್ಸು.
ಶಾಲೆ ಬಿಟ್ಟ ಹೊತ್ತು, ಬಾಗಿಲಲ್ಲಿ ನೇತಾಡುವ ಚೀಲಗಳು,
ಮೀನಿನ ಬುಟ್ಟಿಗೆ ಬೈಯುವ ಕಂಡಕ್ಟರ್,
ಎದುರಿಗೆ ಎಲ್ಲಿಂದಲೋ ಅಡ್ಡ ಬಂದ ರಿಕ್ಷಾ.
ಡ್ರೈವರ್ ಕಾಲೊತ್ತುತ್ತಾನೆ.
ಕತ್ತಲ ಡ್ರಮ್ಮಿನೊಳಗೆ ಯಾರೋ
ಹೆಬ್ಬೆರಳು ಒತ್ತಿ ಹಿಡಿದ ಹಾಗೆ.
ಎಲ್ಲರೂ ಮುಂದಕ್ಕೆ ವಾಲಿ, ಹಿಂದಕ್ಕೆ ಬಂದು,
ಡ್ರೈವರಿಗೊಂದು ಮಾತು ಬೈದು,
ಮೊಬೈಲಿಗೆ ಮರಳುತ್ತಾರೆ.

ಅಮ್ಮ ಮುಂದಿನ ಬಾಗಿಲಲ್ಲಿ ಇಳಿಯುತ್ತಾಳೆ.
ಕಂಬಿ ಬಿಡುವುದಕ್ಕೆ ಸ್ವಲ್ಪ ತಡ.